ಸಮಾಜ ಟೀಚರ ಮ್ಯೂಸಿಯಂ

ನಮ್ಮ ಸಮಾಜ ಟೀಚರ ಹೆಬ್ಬೆರಳಿನ ಉಗುರು ಸದಾ ಹಸಿರುಗಪ್ಪಾಗಿರುತ್ತಿತ್ತು. ಹುಣಸೆಹಣ್ಣು ಹಚ್ಚಿ ಹಳೇ ಹಿತ್ತಾಳೆ ಸಾಮಾನು ತಿಕ್ಕಿ ತಿಕ್ಕಿ ಬಂದ ಬಣ್ಣ ಅದು. ಅದೇ ಕೈಯಲ್ಲಿ ಸೀಮೆಸುಣ್ಣ ಹಿಡಿದು ಅವರು ಕೆಳದಿ ಅರಸರ ವಂಶಾವಳಿ ಬರೆಯುವಾಗ, ಹಿಂದಿನ ಬೆಂಚಿನ ಹುಡುಗಿಯರಾದ ನಾವು ಅರಸರನ್ನು ಬಿಟ್ಟು ಉಗುರನ್ನೇ ನೋಡುತ್ತಿದ್ದೆವು. "ನಿನ್ನೆ ಯಾರ ಮನೆ ಚೊಂಬೇ?" ಎಂದು ಪಿಸುಗುಟ್ಟಿ ನಗುತ್ತಿದ್ದೆವು.

ತೊಂಬತ್ತರ ದಶಕದ ಭದ್ರಾವತಿ. ಕಾಗದನಗರದ ನಮ್ಮ ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಸುತ್ತಿದ್ದವು. ಟೀಚರು ಮಲವಗೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರಿಗಿದ್ದ ಹುಚ್ಚು ಒಂದೇ, ಶಾಲೆಯ ಖಾಲಿ ಕೋಣೆಯಲ್ಲಿ ತಾವೇ ಮಾಡಿದ್ದ ಮ್ಯೂಸಿಯಂ. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ದೂರದೂರುಗಳಿಂದ ಬಂದವರು ಜೊತೆಗೆ ತಂದಿದ್ದ ಶಾವಿಗೆ ಒರಳು, ತೊಟ್ಟಿಲ ಸರಪಳಿ, ಅಡಕೊತ್ತುಗಳನ್ನೆಲ್ಲ ಕಾಡಿ ಬೇಡಿ ತಂದು ಜೋಡಿಸಿದ್ದರು. "ರಾಜರದ್ದು ಪುಸ್ತಕದಲ್ಲಿದೆ. ನಿಮ್ಮಜ್ಜೀದು ಎಲ್ಲಿದೆ?" ಎನ್ನುತ್ತಿದ್ದರು. ಬಾಗಿಲಲ್ಲಿ ಒಂದು ಬಕೆಟ್ ನೀರು, ಮೇಲೊಂದು ಬೋರ್ಡು: ಕೈ ತೊಳೆದು ಮುಟ್ಟಿ.

ಆ ಕೋಣೆಯಲ್ಲಿ ಜಗಳ ಹಚ್ಚಿದ್ದು ಗುಳಿಗಳಿದ್ದ ಒಂದು ಮರದ ಮಣೆ. ನಮ್ಮ ಪಕ್ಕದ ಮನೆಯ ತಮಿಳು ಅಜ್ಜಿ, ಎಲ್ಲರ ಬಾಯಲ್ಲೂ ಪಾಟಿ, ಮದುವೆಯಾಗಿ ಬರುವಾಗ ತವರಿಂದ ತಂದದ್ದು. ಟೀಚರು ಅದರ ಮುಂದೆ 'ಅಳಗುಳಿಮಣೆ' ಎಂದು ಚೀಟಿ ಬರೆದಿಟ್ಟರು. ಪಾಟಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. "ಯಾರಮ್ಮ ಪೇರು ಬದಲಾಯ್ಸಿದ್ದು? ಇದು ಪಲ್ಲಾಂಗುಳಿ!" ನಮ್ಮಮ್ಮ ಬಿಟ್ಟಾಳೆಯೇ? ತೀರ್ಥಹಳ್ಳಿ ಕಡೆಯ ಹೆಣ್ಣುಮಗಳು, "ಇದು ಚನ್ನೆಮಣೆ ಮಾರಾಯ್ತಿ, ನಾನು ಹುಟ್ಟಿದಾಗಿಂದ ಆಡಿದೀನಿ" ಎಂದಳು. ಹಿಂದಿನ ಸಾಲಿನ ತೆಲುಗಿನವರು ವಾಮನಗುಂಟಲು ಎಂದರು. ಟೀಚರು ಚೀಟಿ ಹರಿದು ಹೊಸದು ಬರೆದರು: 'ಇದಕ್ಕೆ ನಿಮ್ಮ ಮನೇಲಿ ಏನಂತಾರೆ?' ಅಂದಿನಿಂದ ಪಾಟಿ ಮಧ್ಯಾಹ್ನದ ಊಟ ಮುಗಿಸಿ ಶಾಲೆಗೆ ಬಂದು, ಕೈ ತೊಳೆದು, ಹುಣಸೆಬೀಜ ಹಾಕಿ ಅಮ್ಮನೊಂದಿಗೆ ಆಡತೊಡಗಿದರು. ಇಬ್ಬರ ನಿಯಮಗಳು ಬೇರೆ, ಹಾಗಾಗಿ ಆಟಕ್ಕಿಂತ ಜಗಳವೇ ಹೆಚ್ಚು. ಟೀಚರಿಗೆ ಅದನ್ನು ಕೇಳುವುದೇ ಖುಷಿ.

ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಆ ಕೋಣೆ ಕಂಪ್ಯೂಟರಿಗೆ ಬೇಕಾಯಿತು. ಟೀಚರು ಕಂಗಾಲಾದರು. ಅದೇ ಹೊತ್ತಿಗೆ ಶಿವಮೊಗ್ಗದಲ್ಲಿ ಈ ಸೀಮೆಯ ಇತಿಹಾಸದ್ದೇ ಒಂದು ದೊಡ್ಡ ಮ್ಯೂಸಿಯಂ ಆಗುತ್ತದೆಂಬ ಸುದ್ದಿ ಬಂತು. ಟೀಚರು ಹತ್ತು ಸಲ ಓಡಾಡಿ ಅಲ್ಲಿನ ಅಧಿಕಾರಿಯನ್ನು ಕರೆತಂದರು. ಒಳ್ಳೆಯ ಮನುಷ್ಯ. ಎಲ್ಲವನ್ನೂ ನೋಡಿ, ಕೊನೆಗೆ ಮಣೆಯ ಮುಂದೆ ನಿಂತು ಹೇಳಿದರು: "ಉಳಿದವೆಲ್ಲ ನಮ್ಮಲ್ಲೂ ಇದಾವೆ ಮೇಡಂ. ಆದ್ರೆ ಇಷ್ಟು ಭಾಷೆಯೋರು ನಂದು ನಂದು ಅನ್ನೋ ವಸ್ತು ಎಲ್ಲೂ ಇಲ್ಲ. ಇದನ್ನ ನಡುವೆ ಇಟ್ಟು ಭದ್ರಾವತಿಗೇ ಒಂದು ಕೋಣೆ ಕೊಡ್ತೀನಿ. ಒಂದು ಮಾತು, ಒಳಗೆ ಬಂದಿದ್ದು ಮತ್ತೆ ಹೊರಗೆ ಹೋಗಲ್ಲ. ಗಾಜಿನೊಳಗೇ ಇರತ್ತೆ."

ಪಾಟಿ ಕೇಳಿದ ಕೂಡಲೇ ಒಪ್ಪಿದರು. "ತಗೋ ಟೀಚರಮ್ಮ. ನಿನ್ನ ಆಸೆ ಅಲ್ವಾ?" ಟೀಚರು ಅಂದು ಬಸ್ಸು ಹತ್ತುವಾಗ ಚಿಕ್ಕ ಹುಡುಗಿಯ ಹಾಗೆ ಕೈ ಬೀಸಿದರು.

ಸಾಮಾನು ಒಯ್ಯಲು ಜೀಪು ಬರುವ ಹಿಂದಿನ ದಿನ ಮಧ್ಯಾಹ್ನ, ಅದು ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಸಲು ಟೀಚರು ಪಾಟಿಯ ಮನೆಗೆ ಹೊರಟರು. ನಾನೂ ಮನೆಗೆ ಹೋಗುವವಳು, ಜೊತೆಗಿದ್ದೆ. ಪಾಟಿ ಜಗುಲಿಯ ಕೆಂಪು ನೆಲದ ಮೇಲೆ ರಂಗೋಲಿಯಲ್ಲಿ ಎರಡು ಸಾಲು ವೃತ್ತ ಬರೆದುಕೊಂಡು ಒಬ್ಬರೇ ಆಡುತ್ತಿದ್ದರು. ಗುಳಿಯಿಲ್ಲದ ನೆಲದಲ್ಲಿ ಬೀಜ ನಿಲ್ಲುತ್ತಿರಲಿಲ್ಲ. ಉರುಳಿ ಹೋದದ್ದನ್ನು ಬಗ್ಗಿ ಬಗ್ಗಿ ತಂದು ಇಡುತ್ತಿದ್ದರು.

"ಏನ್ ಪಾಟಿ ಇದು?" ಎಂದರು ಟೀಚರು.

"ಪ್ರಾಕ್ಟೀಸು ಟೀಚರಮ್ಮ. ನಾಳೆಯಿಂದ ಹಿಂಗೇ ಅಲ್ವಾ?" ಎಂದು ಪಾಟಿ ನಕ್ಕರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ.

ಟೀಚರು ಜೀಪಿನ ಸುದ್ದಿ ಎತ್ತಲಿಲ್ಲ. ಶಾಲೆಗೆ ವಾಪಸು ಹೋಗಿ ಮಣೆಯನ್ನು ಎತ್ತಿ ತಂದು ಪಾಟಿಯ ಮುಂದಿಟ್ಟರು. ಮರುದಿನ ಅಧಿಕಾರಿಗೆ ಕೈಮುಗಿದು, "ಮಣೆ ಕೊಡಕ್ಕಾಗಲ್ಲ ಸಾರ್, ತಪ್ಪು ತಿಳ್ಕೋಬೇಡಿ" ಎಂದರು. ಅಧಿಕಾರಿ ಬಹಳ ಹೊತ್ತು ಒಪ್ಪಿಸಲು ನೋಡಿ, ಮಣೆಯಿಲ್ಲದೆ ಕೋಣೆಯೂ ಇಲ್ಲವೆಂದು ಖಾಲಿ ಜೀಪಿನಲ್ಲಿ ಹೋದರು. ಆಮೇಲೆ ಟೀಚರು ಒಂದೊಂದೇ ಸಾಮಾನನ್ನು ಮನೆಮನೆಗೆ ಹೊತ್ತು ಮುಟ್ಟಿಸಿದರು. ರಿಟೈರಾದವರು ಊರಿಗೆ ಮರಳುವಾಗ ಎಷ್ಟೋ ಸಾಮಾನು ಗುಜರಿಗೆ ಹೋದವು. ಅಡಕೊತ್ತೊಂದು ಸಂತೆಯಲ್ಲಿ ಮಾರಾಟಕ್ಕಿದ್ದುದನ್ನು ನಾನೇ ಕಂಡೆ. ಟೀಚರಿಗೆ ಹೇಳುವ ಧೈರ್ಯವಾಗಲಿಲ್ಲ.

ವರ್ಷಗಳ ಮೇಲೆ, ಅವರು ಕಾಯಿಲೆ ಬಿದ್ದು ಶಿವಮೊಗ್ಗದ ಸವಳಂಗ ರಸ್ತೆಯ ತಂಗಿಯ ಮನೆಯಲ್ಲಿದ್ದಾಗ ನೋಡಲು ಹೋಗಿದ್ದೆ. ನಾನೂ ಆಗ ಸಮಾಜ ಟೀಚರೇ. ಬಹುದಿನದಿಂದ ಕೊರೆಯುತ್ತಿದ್ದುದನ್ನು ಕೇಳಿಬಿಟ್ಟೆ. "ಅವತ್ತು ಮಣೆ ಕೊಟ್ಟಿದ್ರೆ ಎಲ್ಲಾ ಉಳೀತಿತ್ತಲ್ವಾ ಟೀಚರ್?"

"ಉಳೀತಿತ್ತು," ಎಂದರು. "ಹೊಟ್ಟೆ ಉರಿಯಲ್ವಾ? ಉರಿಯತ್ತೆ, ಈಗ್ಲೂ." ಸ್ವಲ್ಪ ಸುಧಾರಿಸಿಕೊಂಡು, "ಆದ್ರೆ ಪಾಟಿ ಇನ್ನೂ ಆಡ್ತಿದ್ರಲ್ಲೇ, ಮಾರಾಯ್ತಿ. ಆಡೋರ ಕೈಯಿಂದ ಕಿತ್ಕೊಂಡು ಅದನ್ನ ಇತಿಹಾಸ ಅಂತ ಹೆಂಗೆ ಕರೀಲಿ?" ಎಂದರು.

ಆ ಶ್ರಾವಣದಲ್ಲಿ ಟೀಚರು ಹೋದರು. ಸುದ್ದಿ ಬಂದಾಗ ನಾನು ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಪಾಠ ನಿಲ್ಲಿಸಿ ಮಕ್ಕಳ ಎದುರೇ ಅತ್ತುಬಿಟ್ಟೆ. "ಹೋಗಿದ್ದು ಯಾರು ಮಿಸ್?" ಎಂದು ಅವು ಕೇಳಿದವು. ಹೇಳತೊಡಗಿದೆ. ಬೆಲ್ಲು ಹೊಡೆದರೂ ಒಬ್ಬರೂ ಏಳಲಿಲ್ಲ.