ಮೀಸೆಯ ಮಾತು ನನ್ನದು

ಮಕ್ಕಳೇ, ಸಾರಕ್ಕನನ್ನು ಸಭೆಯಿಂದ ಹೊರಗಿಡಿಸಿದ ಆ ಮಾತು ಅವರದಲ್ಲ—ನನ್ನದು. ಅದು ಗೊತ್ತಿದ್ದವರು ನಾವಿಬ್ಬರೇ. ಅವರು ಹೇಳದೆ ಹೋದರು. ನಾನು ಹೇಳದೆ ಬದುಕಿದೆ.

ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರದು. ನಿಮ್ಮ ಅಪ್ಪ ಓದಿ ಹೇಳಲಿ. ಅವನೂ ಕೇಳಬೇಕಾದವನೇ.

ಸಾರಕ್ಕ ನಿಮ್ಮ ಅಜ್ಜನ ಅಕ್ಕ. ಮದುವೆಯಾಗಿರಲಿಲ್ಲ; ಮಿರಜದ ಈ ಮನೆಯಲ್ಲೇ ಇದ್ದರು, ರವಿವಾರ ಚರ್ಚಿನಲ್ಲಿ ಸಭೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನಾನು ಜತ್ತ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದಿಷ್ಟು ಕಲಿತು ಈ ಮನೆಗೆ ಸೊಸೆಯಾಗಿ ಬಂದವಳು. ನಾಲ್ಕು ಜನರ ನಡುವೆ ಬಾಯಿ ಬಿಡುವುದೆಂದರೆ ನನಗೆ ಮೈ ಬೆವರುತ್ತಿತ್ತು. ಹೆಂಗಸರ ಪ್ರಾರ್ಥನಾಕೂಟದಲ್ಲಿ ಏನಾದರೂ ತೋಚಿದರೆ ಸಾರಕ್ಕನ ಕಿವಿಯಲ್ಲಿ ಹೇಳುತ್ತಿದ್ದೆ. ಅವರು ಅದನ್ನು ಗಟ್ಟಿಯಾಗಿ ಹೇಳುತ್ತಿದ್ದರು—“ನಮ್ಮ ರತ್ನಾ ಹಿಂಗಂತಾಳ ನೋಡ್ರಿ” ಎಂದು ನನ್ನ ಹೆಸರು ಸೇರಿಸಿಯೇ.

ಆ ದಿನ ಕೂಟದಲ್ಲಿ ಓದುತ್ತಿದ್ದುದು ಬೈಬಲಿನ ‘ಇಬ್ರಿಯರಿಗೆ ಬರೆದ ಪತ್ರಿಕೆ’. ನನ್ನ ಹಳೆಯ ಸತ್ಯವೇದದಲ್ಲಿ ಅದರ ಮೇಲೆ ಅಪೊಸ್ತಲ ಪೌಲನ ಹೆಸರಿತ್ತು. ಸಾರಕ್ಕನ ಹೊಸದರಲ್ಲಿ ಇರಲಿಲ್ಲ. ಪೌಲ ತನ್ನ ಪತ್ರಿಕೆಗಳನ್ನು ತನ್ನ ಹೆಸರಿನಿಂದಲೇ ಶುರು ಮಾಡುತ್ತಾನೆ. ಇದರ ಒಳಗೆ ಬರೆದವರ ಹೆಸರು ಎಲ್ಲಿಯೂ ಇಲ್ಲ. ಹಾಗಾದರೆ ಬರೆದವರು ಯಾರು? ಪ್ರಿಸ್ಕಿಲ್ಲ ಎಂಬ ಹೆಂಗಸು ಬರೆದಿರಬಹುದು ಎನ್ನುವವರೂ ಇದ್ದಾರೆ ಎಂದರು ಸಾರಕ್ಕ.

ಪಾಸ್ಟರರ ಹೆಂಡತಿ ತಮ್ಮ ಮರಾಠಿ ಪುಸ್ತಕ ಮುಂದೆ ಹಿಡಿದರು. “ಇಲ್ಲಿ ನೋಡ್ರಿ, ‘ಹೇಳಾಕ ಹತ್ತಿದೆ’ ಅನ್ನೂ ಕಡೆ ‘ಲಾಗಲೋ’ ಅಂತ ಐತಿ. ಗಂಡಸಽ ಬರದಾನ. ಮುಗೀತಲ್ಲ?”

ಕನ್ನಡದಲ್ಲಿ ‘ನಾನು ಬಂದೆ’ ಎಂದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮರಾಠಿಯಲ್ಲಿ ಗಂಡಸು ‘ಆಲೋ’ ಎನ್ನಬೇಕು, ಹೆಂಗಸು ‘ಆಲೆ’. ಆದರೆ ನಮ್ಮ ಕಡೆಯ ಹುಡುಗಿಯರು ಹಾಗೆ ಎನ್ನುತ್ತಾರೆಯೇ? ಸ್ನೇಹಾ, ನೀನೇ ದಿನಾ ಕಾಲೇಜಿನಿಂದ ಬಂದು ‘ಆಜೀ, ಮೀ ಆಲೋ’ ಎಂದು ಕೂಗುತ್ತೀ. ನಾನು ಸಾರಕ್ಕನ ಕಿವಿಗೆ ಬಾಗಿದೆ—“ಅಕ್ಕಾರ, ಸಾಂಗ್ಲಿವಾಡಿ ಹುಡುಗ್ಯಾರೂ ‘ಮೀ ಆಲೋ’ ಅಂತಾರಲ್ರಿ. ಅವರಿಗೆಲ್ಲಾ ಮೀಸಿ ಬಂದಾವೇನು?” ಅಂದವಳೇ ಹೆದರಿ ಅವರ ಸೆರಗು ಜಗ್ಗಿದೆ. “ನನ್ನ ಹೆಸರ ಹೇಳಬ್ಯಾಡ್ರಿ.”

ಅವರು ಹೇಳಲಿಲ್ಲ. ಮಾತನ್ನಷ್ಟೇ ಹೇಳಿದರು. ಕೂಟವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು—ಪಾಸ್ಟರರ ಹೆಂಡತಿಯೊಬ್ಬರನ್ನು ಬಿಟ್ಟು.

ರವಿವಾರದ ಹೊತ್ತಿಗೆ ಸುದ್ದಿಗೆ ಕೈಕಾಲು ಬಂದಿದ್ದವು. “ಸಾರಾಬಾಯಿ ಅಪೊಸ್ತಲನ ಮೀಸಿ ಬೋಳಿಸಿದ್ಲಂತ!” ಆರಾಧನೆ ಮುಗಿದ ಮೇಲೆ ಹಿರಿಯರು ನಮ್ಮಿಬ್ಬರನ್ನು ನಿಲ್ಲಿಸಿಕೊಂಡರು. ನಿಮ್ಮ ಅಜ್ಜನೂ ಅಲ್ಲಿದ್ದರು. ಅವರನ್ನು ಸಭೆಯ ಕಮಿಟಿಗೆ ತೆಗೆದುಕೊಳ್ಳುವ ಮಾತು ಆಗಷ್ಟೇ ನಡೆದಿತ್ತು. ಪಾಸ್ಟರರು ಸಾರಕ್ಕನನ್ನಲ್ಲ, ನನ್ನನ್ನು ಕೇಳಿದರು—ನಾನು ಮೆತ್ತಗಿನವಳು, ಸುಳ್ಳು ಹೇಳಲಾರೆ ಎಂದು ನಂಬಿ.

“ಹೇ ಡೋಕಂ ಕುಣಾಚಂ?” ಈ ತಲೆ ಯಾರದು, ಇದು ಯಾರಿಗೆ ಹೊಳೆದ ಮಾತು?

ಸಾರಕ್ಕ ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ. ಎಂದಿನಂತೆ ಕಿವಿಯನ್ನು ತುಸು ನನ್ನ ಕಡೆ ವಾಲಿಸಿದ್ದರು—

“ತ್ಯಾ ಮ್ಹಣಾಲ್ಯಾ,” ಎಂದೆ. ‘ಅವರು ಅಂದರು’ ಎಂದು. ಬಹುವಚನದ ಮರ್ಯಾದೆಯನ್ನು ಮಾತ್ರ ಬಿಡಲಿಲ್ಲ.

ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ—ಅದೇನು ಸುಳ್ಳಲ್ಲವಲ್ಲ, ಎಲ್ಲರೂ ಕೇಳಿದ್ದು ಅವರ ಬಾಯಿಂದಲೇ ಅಲ್ಲವೇ ಎಂದು. ಆದರೆ ಪಾಸ್ಟರರು ಕೇಳಿದ್ದು ತಲೆ ಯಾರದೆಂದು. ನಾನು ಹೇಳಿದ್ದು ಬಾಯಿ ಯಾರದೆಂದು. ಆ ವ್ಯತ್ಯಾಸ ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಸಾರಕ್ಕ ನನ್ನ ಹೆಸರೆತ್ತಲಿಲ್ಲ. ಸಭೆಯ ಮುಂದೆ ಕ್ಷಮೆ ಕೇಳಬೇಕೆಂದಾಗ ಇಷ್ಟೇ ಅಂದರು: “ನಕ್ಕದ್ದಕ್ಕ ಕೇಳತೇನ್ರಿ. ಬರದವರ್ಯಾರು ಅಂತ ಕೇಳಿದ್ದಕ್ಕ ಕೇಳಂಗಿಲ್ಲ.”

ಮಕ್ಕಳ ಪಾಠ ಕಿತ್ತುಕೊಂಡರು. ಆರಾಧನೆಯಲ್ಲಿ ಎಲ್ಲರೂ ಹಂಚಿಕೊಳ್ಳುವ ಪ್ರಭುಭೋಜನದ ರೊಟ್ಟಿ ಅವರಿಗೆ ನಿಂತಿತು. “ಮನಿ ಮರ್ಯಾದಿ ಕಳದಿ” ಎಂದ ನಿಮ್ಮ ಅಜ್ಜ ಆಮೇಲೆ ಅಕ್ಕನ ಜೊತೆ ಮಾತು ಬಿಟ್ಟರು. ಸಾಯುವವರೆಗೂ ಆಡಲಿಲ್ಲ. ಒಂದೇ ಒಲೆಯ ಅನ್ನ ಉಣ್ಣುತ್ತ ಹಾಗೆ ಎಷ್ಟು ದಿನ ಇದ್ದಾರು? ಸಾರಕ್ಕ ಹರಿಪುರದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಹೆಂಗಸರ ಜಂಪರ್ ಹೊಲಿದುಕೊಂಡಿದ್ದರು. ನಿಮ್ಮ ಅಪ್ಪ ಆಗ ಸಣ್ಣವನು. “ಆತ್ಯಾ ಯಾಕ ಹೋದಳು?” ಎಂದು ಕೇಳಿದ. “ದೇವರ ಪುಸ್ತಕಕ್ಕ ನಕ್ಕಳು” ಎಂದೆ. ಹೌದು, ಅದನ್ನೂ ನಾನೇ ಹೇಳಿದೆ—ಮಗುವಿಗೆ.

ಹೊಳೆಯ ನೀರು ಹರಿಪುರಕ್ಕೆ ನುಗ್ಗಿದ ವರ್ಷ ಅವರನ್ನು ಜ್ವರದಲ್ಲಿ ಮಿರಜದ ದವಾಖಾನೆಗೆ ತಂದರು. ನಾನು ಮಂಚದ ಬದಿಗೆ ಕುಳಿತೆ. ಅಲ್ಲಿ ನಾವಿಬ್ಬರೇ. ಈಗ ಹೇಳು, ಈಗ ಹೇಳು ಎಂದು ಒಳಗೆ ಬಡಿದುಕೊಳ್ಳುತ್ತಿತ್ತು. “ಹುಡುಗರಿಗೆ ಈಗ ಯಾರ ಕಲಸ್ತಾರ ರತ್ನಾ?” ಎಂದು ಅವರು ಕೇಳಿದರು. ಯಾರೋ ಒಬ್ಬರ ಹೆಸರು ಹೇಳಿದೆ. “ಛಲೋ ಆತು” ಎಂದರು. ಬೇರೇನೂ ಕೇಳಲಿಲ್ಲ. ಕೇಳಿದ್ದರೆ ನಾನು—ಇಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲವೇನೋ. ಮರುದಿನ ಅವರಿರಲಿಲ್ಲ.

ಅವರಿಗೆ ತಪ್ಪಿಸಿದ ರೊಟ್ಟಿಯನ್ನು ನಾನು ಇಷ್ಟು ವರ್ಷ ಕೈಯೊಡ್ಡಿ ತೆಗೆದುಕೊಂಡಿದ್ದೇನೆ.

ಆ ಪತ್ರಿಕೆಯನ್ನು ಬರೆದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಲ್ಲವರು ವಾದಿಸಲಿ. ಆ ಮೀಸೆಯ ಮಾತು ಯಾರದೆಂದು ಮಾತ್ರ ನನಗೆ ಗೊತ್ತು. ಬರುವ ರವಿವಾರ, ರೊಟ್ಟಿ ಮುರಿಯುವ ಮೊದಲು, ಎದ್ದು ನಿಂತು ಹೇಳುತ್ತೇನೆ. ನನ್ನ ದನಿ ಸಣ್ಣದು. ಹಿಂದಿನ ಸಾಲಿಗೆ ಕೇಳದಿದ್ದರೆ ಇನ್ನೊಮ್ಮೆ ಹೇಳುತ್ತೇನೆ. ನೀವು ಎದ್ದು ಬಂದು ನನ್ನನ್ನು ಹಿಡಿದುಕೊಳ್ಳಬೇಡಿ. ಅಂದು ಸಾರಕ್ಕನ ಪಕ್ಕದಲ್ಲಿದ್ದವಳು ನಾನೊಬ್ಬಳೇ; ನಾನು ಅವರ ಕೈ ಹಿಡಿಯಲಿಲ್ಲ.