ಬುಖಾರಕ್ಕೆ ಹೋಗುವ ದಾರಿ

ಮೊನ್ನೆ ಆಳಂದಕ್ಕೆ ಹೋದಾಗ ಅವ್ವ ಒಂದು ಬಟ್ಟಲಲ್ಲಿ ಆಲುಬುಖಾರದ ಒಣಹಣ್ಣು ನೆನೆಹಾಕಿದ್ದಳು. ವಿಮಾನದಲ್ಲಿ ನನಗೆ ವಾಂತಿಯಾದೀತೆಂಬ ಚಿಂತೆ ಅವಳದು. ಮುಚ್ಚಳ ತೆಗೆದೆ. ಹುಳಿ, ಬೆಲ್ಲ, ಹಳೆಯ ಚರ್ಮದ ಚೀಲ... ಎಲ್ಲ ಸೇರಿದಂಥ ವಾಸನೆ. ಹಾಗೇ ಮುಚ್ಚಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಎದುರು ಮನೆಯ ಜಾಗದಲ್ಲಿ ಈಗ ತೊಗರಿಯ ಅಡತಿ ಅಂಗಡಿ ಇದೆ.

ಮುಂದಿನ ವಾರ ಉಜ್ಬೆಕಿಸ್ತಾನಕ್ಕೆ ಹೊರಡುವ ಶಿಕ್ಷಕಿಯರ ತಂಡದಲ್ಲಿ ನಾನೂ ಇದ್ದೇನೆ. ತಾಷ್ಕೆಂಟ್, ಸಮರ್ಕಂದ, ಕೊನೆಗೆ ಬುಖಾರಾ. ಜೊತೆಯವರು ಉಣ್ಣೆಯ ಬಟ್ಟೆಯ ಬಗ್ಗೆ ಮಾತಾಡುತ್ತಾರೆ, ನಾನು ಸುಮ್ಮನೆ ಕೇಳುತ್ತೇನೆ. ನನಗಿಂತ ಮೊದಲೇ ಆ ಊರಿಗೆ ಹೊರಟು ಕೂತಿದ್ದವರು ಒಬ್ಬರಿದ್ದರು. ಎದುರು ಮನೆಯ ಹಕೀಮರು, ಊರಿಗೆಲ್ಲ ಔಷಧಿ ಕೊಡುತ್ತಿದ್ದವರು.

ಅವರ ಹಿರಿಯರೊಬ್ಬರು ಎಂದೋ ಬುಖಾರಾದಿಂದ ಔಷಧಿಯ ಪೆಟ್ಟಿಗೆ ಹೊತ್ತು ಬಂದವರಂತೆ. ಬೇಗ ತಿರುಗಿ ಬರುತ್ತೇನೆಂದು ತಾಯಿಗೆ ಮಾತು ಕೊಟ್ಟು ಬಂದವರು ಇಲ್ಲೇ ಉಳಿದುಬಿಟ್ಟರಂತೆ. ಆ ಮಾತು ತಂದೆಯಿಂದ ಮಗನಿಗೆ ಇಳಿಯುತ್ತ ಬಂದು, ಹೆಂಡತಿ ತೀರಿಕೊಂಡು ಮಕ್ಕಳೂ ಇಲ್ಲದ ಇವರ ಹತ್ತಿರ ನಿಂತಿತ್ತು. "ನನ್ನ ಹಿಂದ ಯಾರೂ ಇಲ್ಲರಿ. ಆ ಮಾತು ನಾನೇ ತೀರಿಸಬೇಕು" ಅನ್ನುತ್ತಿದ್ದರು.

ಸೊಲ್ಲಾಪುರದಿಂದ ಕಂಬಳಿ ಮತ್ತು ಬೂಟು ತರಿಸಿದ್ದರು. ದಾರಿಗೆ ಕೆಡದ ಖಡಕ್ ರೊಟ್ಟಿ ಮಾಡಿಕೊಡಲು ಅವ್ವನಿಗೆ ಹೇಳಿದ್ದರು.

"ಅಲ್ರೀ ಹಕೀಮಸಾಬ್, ಅಲ್ಲಿ ಮಂದಿ ನಿಮ್ಮ ರೊಟ್ಟಿ ನೋಡಿ ಹಂಚು ಅಂತ ತಿಳಿದು ಒಲಿ ಮ್ಯಾಲ ಇಟ್ಟಾರು!"

"ಚಲೋನೇ ಆತಲ್ರೀ ಅಕ್ಕಾರ. ಅದರ ಮ್ಯಾಲ ಇನ್ನೊಂದು ರೊಟ್ಟಿ ಬೇಯಿಸ್ಕೊಂಡು ತಿಂತೇನಿ."

ಆ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂತು. ನಿಜಾಮರ ರಾಜ್ಯದಲ್ಲಿದ್ದ ನಮಗೆ ಬರಲಿಲ್ಲ. ಲಾಹೋರ, ಪೇಶಾವರದ ಮೇಲೆ ಹಾಯಬೇಕಿದ್ದ ಹಕೀಮರ ದಾರಿಯ ನಡುವೆ ಹೊಸ ಗಡಿ ಬಿತ್ತು. ಬರಬರುತ್ತ ಆಳಂದದಿಂದ, ಸ್ವಾತಂತ್ರ್ಯ ಬಂದ ಕಡೆಗಿದ್ದ ಸೊಲ್ಲಾಪುರಕ್ಕೆ ಹೋಗುವುದೂ ಪರದೇಶಕ್ಕೆ ಹೋದಂತಾಯಿತು. ಹೈದರಾಬಾದಿನಲ್ಲಿ ಓದುತ್ತಿದ್ದ ನನ್ನನ್ನು ಅಪ್ಪ ಮನೆಗೆ ಕರೆತಂದರು. ಬಂದ ಕೆಲವೇ ದಿನಗಳಲ್ಲಿ ಜ್ವರ ಹಿಡಿದು ಮಲಗಿದೆ.

ನಮ್ಮ ಕಡೆ ಜ್ವರಕ್ಕೆ ಬುಖಾರ ಎಂದೂ ಅನ್ನುತ್ತಾರೆ. ಹಕೀಮರಿಗೆ ಅದು ಬರೀ ಹೆಸರಿನ ಹೋಲಿಕೆಯಾಗಿರಲಿಲ್ಲ. ದಾರಿ ಮುಚ್ಚಿದ ಮೇಲಂತೂ ಜ್ವರವೇ ಆ ಊರಿಗೆ ಒಯ್ಯುವ ದಾರಿ ಎಂದು ನಂಬಿದ್ದರು. ಜ್ವರ ಇಳಿದು ಎದ್ದವರನ್ನೆಲ್ಲ "ಏನು ಕಂಡ್ರಿ?" ಎಂದು ಕೇಳುತ್ತಿದ್ದರು. ಕರಜಗಿಯ ರೈತನೊಬ್ಬ, "ನಮ್ಮ ಎಮ್ಮಿ ಕಂಡಿತ್ರಿ, ಕರಾ ಹಾಕಿತ್ತು" ಅಂದ.

"ಹಂಗಾರ ನೀ ಅಫಜಲಪುರ ಸುದ್ದಾ ದಾಟಿಲ್ಲ ಬಿಡೋ ತಮ್ಮಾ" ಎಂದು ಹಕೀಮರು ನಕ್ಕಿದ್ದರು.

ನನ್ನನ್ನೂ ಕೇಳಿದರು. ಒಳಗಿನದನ್ನು ಇನ್ನೊಬ್ಬರೆದುರು ಬಿಚ್ಚುವುದು ನನ್ನ ಸ್ವಭಾವವಲ್ಲ. ಆದರೆ ಅವರು ಹಾಸಿಗೆಯ ಪಕ್ಕ ಕಾದು ಕೂತರು, ಹೇಳಿದೆ. ಎತ್ತರದ ಮಣ್ಣಿನ ಗೋಡೆ. ಅದಕ್ಕೊಂದು ಬಾಗಿಲು. ಬಾಗಿಲ ಮುಂದೆ ಒಬ್ಬ ಮುದುಕಿ ಗುಡಿಸುತ್ತಿದ್ದಳು. ತಲೆ ಎತ್ತದೆ ಏನೋ ಕೇಳಿದಳು. ಭಾಷೆ ತಿಳಿಯಲಿಲ್ಲ, ಅರ್ಥ ಮಾತ್ರ ತಿಳಿಯಿತು... ಅವನು ಬಂದನೇ?

ಹಕೀಮರು ಕೂತಲ್ಲೇ ನನ್ನ ಕಡೆ ಬಾಗಿದರು. "ಗುಡಸಾಕತ್ತಿದ್ಲಾ? ಖರೇನಾ ಬೇಟಿ?" ಅಂದರು.

"ಹೌದ್ರಿ."

ಅವ್ವನಿಗೆ ಸರಿಬರಲಿಲ್ಲ. "ಅಯ್ಯ, ಹೋದವರ ಬೆನ್ನಿಗೆ ಕಸಾ ಗುಡಿಸಬಾರದ್ರಿ. ಅವರು ಹೊಳ್ಳಿ ಬರೂದಿಲ್ಲ."

"ಬರೂರು ಅದಾರಂದ್ರ ಆಗೂ ಗುಡಿಸ್ತಾರಲ್ರೀ ಅಕ್ಕಾರ?"

ನಮ್ಮ ಮನೆಯಲ್ಲಿ ಎರಡೂ ನಡೆಯುತ್ತಿತ್ತು.

ನಾನು ಎದ್ದು ಓಡಾಡತೊಡಗಿದ ಮೇಲೆ ಒಂದು ಮಧ್ಯಾಹ್ನ ಔಷಧಿಗೆಂದು ಅವರಲ್ಲಿಗೆ ಹೋಗಿದ್ದೆ. ಜೇವರ್ಗಿಯಿಂದ ನೆಂಟರ ಮನೆಗೆ ಬಂದು ಜ್ವರ ಬಂದು ಎದ್ದಿದ್ದ ಹೆಂಗಸೊಬ್ಬಳು ಅಲ್ಲಿ ಕೂತಿದ್ದಳು. ಹಕೀಮರು ಎಂದಿನಂತೆ ಕೇಳಿದರು.

"ಯಾರೋ ಮುದುಕಿರಿ. ಕಸಾ ಹೊಡ್ಯಾಕತ್ತಿದ್ಲು. ಎಷ್ಟ ಹೊಡದ್ರೂ ಧೂಳ ಮುಗೀವಲ್ದು. ನನ್ನ ಹಿಂದ ಯಾರರ ಬಂದಾರೇನು ಅಂತ ನೋಡಿದ್ಲು."

ನಾನು ಕಂಡದ್ದು ನಮ್ಮ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಹಕೀಮರು ನನ್ನ ಕಡೆ ನೋಡಿದರು. ನಾನು ಔಷಧಿ ತೆಗೆದುಕೊಳ್ಳದೆ ಮನೆಗೆ ಬಂದೆ.

ಮರುವರ್ಷ ಮಳೆಗಾಲದಲ್ಲಿ ಊರು ಅರ್ಧ ಖಾಲಿಯಾಗಿತ್ತು. ರಜಾಕಾರರ ಭಯಕ್ಕೆ ಕೆಲವರು ಹೋಗಿದ್ದರು. ಭಾರತದ ದಂಡು ಬರುತ್ತದೆಂಬ ಭಯಕ್ಕೆ ಇನ್ನು ಕೆಲವರು ಹೋದರು. ಹಕೀಮರ ಮನೆಯ ಕೆಲಸದಾಕೆಯೂ ಹೋದಳು. ಹಕೀಮರು ಹೋಗಲಿಲ್ಲ. ಆಗಲೇ ಅವರಿಗೆ ಜ್ವರ ಬಂತು.

ಅವರು ನಮಗೆಲ್ಲ ಕುಡಿಸುತ್ತಿದ್ದ ಆಲುಬುಖಾರದ ಕಷಾಯವನ್ನೇ ಅವ್ವ ಮಾಡಿಕೊಟ್ಟಳು. ನಾನು ಒಯ್ದೆ. ಕಂಬಳಿ ಹೊದ್ದು ಮಲಗಿದ್ದರು. ಕಂಬಳಿಯ ಕೆಳಗಿನಿಂದ ಬೂಟು ಕಾಣುತ್ತಿದ್ದವು. ಅವುಗಳ ಲಾಡಿ ಬಿಗಿಯಾಗಿ ಕಟ್ಟಿತ್ತು.

"ಕುಡೀರಿ" ಅಂದೆ.

"ಕುಡದ್ರ ಬುಖಾರ ಇಳೀತದ ಬೇಟಿ. ಭಾಳ ದೂರ ಬಂದೇನಿ. ಈಗ ಹೊಳ್ಳಿದ್ರ ಮತ್ತ ಆಳಂದದಿಂದ ನಡೀಬೇಕು."

ಮತ್ತೆ ಮತ್ತೆ ಹೇಳಿದೆ. ಅಪ್ಪ ಬಂದು ಗದರಿಸಿದರು. ಹಕೀಮರು ಲೋಟದ ಮೇಲೆ ತಟ್ಟೆ ಮುಚ್ಚಿ ಗೋಡೆಯ ಕಡೆ ತಿರುಗಿದರು. "ಮಣ್ಣಿನ ಗೋಡಿ ಕಾಣಾಕತ್ತದ" ಅಂದರು. ಅವರೆದುರು ಇದ್ದದ್ದು ಅವರ ಮನೆಯ ಗೋಡೆಯೇ. ಆದರೆ ಅದಕ್ಕೆ ಸುಣ್ಣ ಬಳಿದಿತ್ತು...

ಬೆಳಗಾಗುವಷ್ಟರಲ್ಲಿ ಅವರು ಇರಲಿಲ್ಲ. ಅಪ್ಪ ಮತ್ತು ಓಣಿಯಲ್ಲಿ ಉಳಿದವರು ಸೇರಿ ದಫನ ಮಾಡಿ ಬಂದರು. ಮಳೆಗೆ ಓಣಿಯ ಎರೆಮಣ್ಣೆಲ್ಲ ಕಪ್ಪು ಕೆಸರಾಗಿತ್ತು. ಹಕೀಮರ ಬಾಗಿಲ ಮುಂದೆ ಮಾತ್ರ ನೆಲ ಒಣಗಿತ್ತು. ಆ ಒಣ ನೆಲದ ಮೇಲೆ ಕಸಬರಿಗೆಯ ಗೆರೆಗಳು, ಒಂದರ ಪಕ್ಕ ಒಂದು.

"ಯಾರು ಗುಡಿಸ್ಯಾರ ಇದನ್ನ?" ಅವ್ವ ಓಣಿಯವರನ್ನೆಲ್ಲ ಕೇಳಿದಳು. ಯಾರೂ ಗುಡಿಸಿರಲಿಲ್ಲ.

ಊರು ತಣ್ಣಗಾದ ಮೇಲೆ ಕರಜಗಿಯ ಆ ರೈತ ಔಷಧಿ ಕೇಳುತ್ತ ಬಂದ. "ಹಕೀಮಸಾಬ್ ಎಲ್ಲಿ ಹೋದ್ರಿ ಅವ್ವಾರ?"

"ಬುಖಾರದಾಗ ಹೋದ್ರು" ಅನ್ನಬೇಕಿತ್ತು. ಅವ್ವ, "ಬುಖಾರಕ್ಕ ಹೋದ್ರಪಾ" ಅಂದಳು.

"ಅಷ್ಟು ದೂರ! ರೊಟ್ಟಿ ಒಯ್ದಾರೇನ್ರಿ?"

"ಒಯ್ದಾರ."

ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಅವರ ಮನೆಯಲ್ಲಿ ಸಿಕ್ಕಿರಲಿಲ್ಲ, ಅದಂತೂ ನಿಜ. ಆ ದಿನಗಳಲ್ಲಿ ತೆರೆದ ಮನೆಗಳಿಂದ ಏನೇನೋ ಕಾಣೆಯಾಗುತ್ತಿತ್ತು. ಅದೂ ನಿಜ. ಅವ್ವನ ನಾಲಿಗೆ ತಪ್ಪಿತೋ ಇಲ್ಲವೋ ನಾನು ಇವತ್ತಿನವರೆಗೂ ಕೇಳಿಲ್ಲ.

ಈಗ ನನ್ನ ಪೆಟ್ಟಿಗೆಯಲ್ಲಿ ಅವ್ವ ಕಟ್ಟಿದ ಖಡಕ್ ರೊಟ್ಟಿಯ ಗಂಟಿದೆ. "ನೀ ಹೋದ ಮ್ಯಾಲ ಸಂಜೀತನಕ ಕಸಬರಿಗಿ ಮುಟ್ಟೂದಿಲ್ಲ ನಾ" ಅಂದಿದ್ದಾಳೆ. ದಾರಿ ಕೇಳಿ ತಿಳಿದುಕೊಳ್ಳಲು ಎದುರು ಮನೆಯಲ್ಲಿ ಯಾರೂ ಇಲ್ಲ. ಅಡತಿಯವರಿಗೆ ಅವರ ಹೆಸರೂ ಗೊತ್ತಿಲ್ಲ.

ಬುಖಾರಾದಲ್ಲಿ ಮಣ್ಣಿನ ಗೋಡೆಗಳು ಬೇಕಾದಷ್ಟಿರಬಹುದು. ಆದರೂ ಆ ಬಾಗಿಲು ನನಗೆ ಗುರುತು ಸಿಗುತ್ತದೆ. ಅದರ ಮುಂದೆ ಯಾರೂ ಇರದಿರಲಿ, ಧೂಳು ತನ್ನ ಪಾಡಿಗೆ ಬಿದ್ದಿರಲಿ ಎಂದೇ ನನ್ನ ಆಸೆ. ಮುದುಕಿ ಇನ್ನೂ ಗುಡಿಸುತ್ತಿದ್ದರೆ ಹಕೀಮರು ತಲುಪಿಲ್ಲ. ಆಗ ಅವಳು ಕೇಳುತ್ತಾಳೆ, ಉತ್ತರ ಹೇಳಲು ಅಲ್ಲಿ ನಿಂತಿರುವವಳು ನಾನೊಬ್ಬಳೇ.