ಮುರಿಯದಂತೆ ಮಾಡಿಟ್ಟ ರೆಕ್ಕೆ

ನಯನಾ, ಆ ರೆಕ್ಕೆ ಮುರಿಯದಂತೆ ಮಾಡಿಟ್ಟವಳು ನಾನು. ತಪ್ಪು ಯಂತ್ರದ್ದಲ್ಲ, ನಿನ್ನ ಕೈಯದೂ ಅಲ್ಲ — ನನ್ನದು.

ಎಲೆಕ್ಟ್ರಾನಿಕ್ ಸಿಟಿಯ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಪರದೆಗಳ ಧೂಳು ಒರೆಸಿ, ಸೀಟಿನ ಬೆಲ್ಟು ಎಳೆದು ನೋಡಿ, ಆಮೇಲೆ ಚಹಾ. ನೆಲ ಬಿಡದ ಆ ವಿಮಾನದಲ್ಲಿ ಕೂತು, ಹಾರಾಟದ ಶಾಲೆಯಿಂದ ಬರುವ ನೀವು ಹಾರಲು ಕಲಿಯುತ್ತೀರಿ. ವೇಗವಾಗಿ ಇಳಿಯುವಾಗ ವಿಮಾನ ನಡೆಸುವ ಹಿಡಿಯನ್ನು ಅತಿಯಾಗಿ ಎಳೆದರೆ ರೆಕ್ಕೆ ತಾಳಲಾರದು. ಆಗ ದಢಾರೆಂದು ಸದ್ದಾಗಿ ಪರದೆ ಕಪ್ಪಾಗಬೇಕು. ಕಲಿಯುವವರು ಬೆಚ್ಚಬೇಕು. ಅದಕ್ಕೇ ಅದು ಇರುವುದು.

ಆದರೆ ಒಮ್ಮೆ ಮುರಿದರೆ ಎಲ್ಲವನ್ನೂ ಮೊದಲಿನಿಂದ ಚಾಲೂ ಮಾಡಬೇಕು. ಸಂಜೆ ಹಾಗಾದರೆ ಹೆಬ್ಬಗೋಡಿಗೆ ಹೋಗುವ ಕಂಪನಿ ಕ್ಯಾಬು ತಪ್ಪುತ್ತಿತ್ತು. ಡ್ರೈವರ್ ಮಂಜಣ್ಣ ಫೋನಿನಲ್ಲೇ ರೇಗಿಸುತ್ತಿದ್ದ: "ಏನ್ ಮೇಡಂ, ಇವತ್ತೂ ಪ್ಲೇನ್ ಬಿದ್ದೋಯ್ತಾ? ಬೇಗ ಎತ್ಕೊಂಡ್ ಬನ್ನಿ!"

ಅತಿಥಿಗಳು ಬಂದಾಗ ಪ್ರದರ್ಶನ ನಿಲ್ಲಬಾರದೆಂದು ನಾವು ಆಫ್ ಮಾಡುವ ಸ್ವಿಚ್ಚೊಂದಿದೆ; ಆಗ ಎಷ್ಟೇ ಎಳೆದರೂ ರೆಕ್ಕೆ ಮುರಿಯದು. ಸಂಜೆಯ ಬ್ಯಾಚಿಗೂ ಅದನ್ನು ಆಫ್ ಮಾಡತೊಡಗಿದೆ. ನಿನ್ನದು ಸಂಜೆಯ ಬ್ಯಾಚು. ನೀನು ಕಲಿತಷ್ಟು ದಿನವೂ — ಥೂ, ಒಂದು ಕ್ಯಾಬಿಗಾಗಿ!

ಆಮೇಲೆ ನಿಜವಾದ ವಿಮಾನದಲ್ಲಿ ನೀನೊಬ್ಬಳೇ ಹಾರಿದೆ. ಇಲ್ಲಿ ಎಳೆದಂತೆಯೇ ಅಲ್ಲೂ ಎಳೆದೆ. ರೆಕ್ಕೆಯ ತಗಡು ಸುಕ್ಕುಗಟ್ಟಿತು, ಹೇಗೋ ಇಳಿಸಿದೆ. ಒರಟು ಕೈ ಎಂದು ಹಾರಾಟದ ಶಾಲೆಯವರು ನಿನ್ನನ್ನು ಹೊರಗೆ ಹಾಕಿದರು. ನೀನು ನೇರ ನನ್ನ ಬಳಿ ಬಂದೆ.

"ಮೇಡಂ, ಇಲ್ಲೂ ಹಿಂಗೇ ಎಳೀತಿದ್ದೆ. ಒಂದ್ ಸಲಾನೂ ಮುರೀಲಿಲ್ವಲ್ಲ? ಮಿಷಿನ್ ಸರಿ ಇತ್ತಾ?"

"ಸರಿಯಾಗೇ ಇತ್ತು ಕಣೇ. ಅಲ್ಲಿ ನೀನೇ ಹೆದ್ರಿ ಜಾಸ್ತಿ ಎಳ್ದಿರ್ತೀಯ."

ನೀನು ನಿನ್ನ ಅಂಗೈಗಳನ್ನೇ ನೋಡಿಕೊಂಡೆ. ನಾನು ಚಹಾ ತರಿಸಿಕೊಟ್ಟೆ — ಚಹಾ! ಅದನ್ನು ನನ್ನ ಮುಖಕ್ಕೆ ಎರಚಬೇಕಿತ್ತು ನೀನು. ಕುಡಿದು, "ಥ್ಯಾಂಕ್ಸ್ ಮೇಡಂ" ಎಂದು ಹೊರಟುಹೋದೆ.

ವರ್ಷಗಳಾದವು. ಮೊನ್ನೆ ಮಂಜಣ್ಣ ಹೇಳಿದ: "ನಿಮ್ ಪೈಲಟ್ ಹುಡ್ಗಿ ವೈಟ್‌ಫೀಲ್ಡಲ್ಲಿ ರಿಸೆಪ್ಷನ್‌ನಲ್ಲಿ ಕೂತವ್ಳೆ ಕಣ್ರೀ. ಪ್ಲೇನ್ ವಿಷ್ಯ ಎತ್ತಿದ್ರೆ, ನಂಗದೆಲ್ಲ ಕೈಗೆ ಬರಲ್ಲ ಅಣ್ಣ ಅಂದ್ಲು."

ಕೈಗೆ ಬರಲ್ಲ! ಆ ಮಾತನ್ನು ನಿನ್ನ ಬಾಯಲ್ಲಿಟ್ಟವಳು ನಾನು. ಇಂದು ಸ್ವಿಚ್ಚು ಆನ್ ಮಾಡಿ, ನಾನೇ ಕೂತು, ನೀನು ಎಳೆಯುತ್ತಿದ್ದಷ್ಟೇ ಎಳೆದೆ. ದಢಾರ್. ಪರದೆ ಕಪ್ಪಾಯಿತು — ಆ ಕಪ್ಪಿನಲ್ಲಿ ನನ್ನ ಮುಖ.

ನಾಳೆ ನಿನ್ನನ್ನು ಹೊರಗೆ ಹಾಕಿದ ಆ ಹಾರಾಟದ ಶಾಲೆಗೆ ಹೋಗಿ ಇದಿಷ್ಟನ್ನೂ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಆಮೇಲೆ ನಿನ್ನ ಮೇಜಿನ ಮುಂದೆ ಬಂದು ನಿಲ್ಲುತ್ತೇನೆ. ಈ ಸಲ ಕೈಯಲ್ಲಿ ಚಹಾ ಇರುವುದಿಲ್ಲ.